ಶಿವಗಂಗೆ ಬೆಟ್ಟದ ಸಂಜೆ ಫೋಟೊ: "ಇದು ನಮ್ಮ ಬೆಟ್ಟ ಅಲ್ಲ" ಅಂತಾರೆ ಅಮ್ಮ, ಎಲ್ಲಿ ತಪ್ಪಿದೆ?

ನೆಲಮಂಗಲದವ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಿರುವುದು ನೆಲಮಂಗಲದಲ್ಲಿ, ಕೆಲಸ ದಾಬಸ್‌ಪೇಟೆಯ ಒಂದು ಫ್ಯಾಕ್ಟರಿಯಲ್ಲಿ. ದಿನಾ ಬೈಕಿನಲ್ಲಿ ಹೋಗುವಾಗ ಎಡಗಡೆ ಶಿವಗಂಗೆ ಬೆಟ್ಟ ಕಾಣುತ್ತೆ. ಅಮ್ಮನ ತವರು ಆ ಬೆಟ್ಟದ ಆಚೆ, ಕುದೂರಿನ ಕಡೆಯ ಒಂದು ಹಳ್ಳಿ. ಅಜ್ಜಿ ಹೋದ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ಅಮ್ಮನಿಗೆ ಈಗ ಮಂಡಿ ನೋವು ಬೇರೆ, ಬಸ್ಸು ಹತ್ತಿ ಇಳಿಯುವುದು ಕಷ್ಟ. ಬೆಟ್ಟದ್ದೊಂದು ದೊಡ್ಡ ಫೋಟೊ ಮಾಡಿಸಿ ಸಂಕ್ರಾಂತಿ ಹೊತ್ತಿಗೆ ಹಾಲ್‌ನಲ್ಲಿ ಹಾಕೋಣ ಅಂತ ನನ್ನ ಆಸೆ. ಸಂಕ್ರಾಂತಿ ದಿನ ಬೆಟ್ಟದ ತುದಿಯಲ್ಲಿ ಗಂಗೆ ಬರ್ತಾಳೆ ಅಂತ ನಂಬಿಕೆ ಇದೆಯಲ್ಲ, ಅಮ್ಮ ಮದುವೆಗೆ ಮುಂಚೆ ಪ್ರತಿ ವರ್ಷ ಹತ್ತುತ್ತಿದ್ದರಂತೆ.

ಕ್ಯಾಮೆರಾ ನಿಕಾನ್ ಡಿ5600, ಹೋದ ವರ್ಷ ಸ್ನೇಹಿತನಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಲೆನ್ಸ್ ಅದರ ಜೊತೆಗೇ ಬರುವ 18-55. ಟ್ರೈಪಾಡ್ 1,200 ರೂಪಾಯಿದು. ಜೋರು ಗಾಳಿ ಬಂದರೆ ಅದನ್ನು ನಾನೇ ಹಿಡಿದುಕೊಂಡು ನಿಲ್ಲಬೇಕು.

ಹೋದ ವಾರ ಕೆಲಸ ಬೇಗ ಮುಗಿಯಿತು. ಬೆಟ್ಟದ ಈ ಕಡೆ, ಅಂದರೆ ಪೂರ್ವಕ್ಕೆ, ಒಂದು ಕೆರೆ ಏರಿ ಮೇಲೆ ನಿಂತೆ. ಸೂರ್ಯ ಸರಿಯಾಗಿ ಬೆಟ್ಟದ ಬೆನ್ನಿಗೆ ಇಳಿಯುತ್ತಿದ್ದ. ಆಕಾಶ ಎಲ್ಲಾ ಕೆಂಪು, ಕೆರೆ ನೀರಿನಲ್ಲೂ ಕೆಂಪು. ಸೀನ್ ಮೋಡ್‌ನಲ್ಲಿ ಸೂರ್ಯಾಸ್ತದ್ದು ಒಂದು ಇದೆ, ಅದನ್ನೇ ಹಾಕಿ ನಲವತ್ತು ಫೋಟೊ ತೆಗೆದೆ. ಎಲ್ಲಾ ಜೆಪೆಗ್.

ಮನೆಗೆ ಬಂದು ನೋಡಿದರೆ ಆಕಾಶ ಚೆನ್ನಾಗಿದೆ, ಬೆಟ್ಟ ಮಾತ್ರ ಇದ್ದಿಲು. ಫೋನಿಗೆ ಹಾಕಿಕೊಂಡು ಸ್ನ್ಯಾಪ್‌ಸೀಡ್‌ನಲ್ಲಿ ಶ್ಯಾಡೊ ಪೂರ್ತಿ ಮೇಲಕ್ಕೆ ಎಳೆದೆ. ಬಂಡೆ ಕಾಣಿಸಿತು, ಆದರೆ ಮೇಲೆಲ್ಲಾ ರವೆ ಚೆಲ್ಲಿದ ಹಾಗೆ ಚುಕ್ಕೆ. ಇನ್ನೂ ಸ್ಪಷ್ಟ ಆಗಲಿ ಅಂತ ಸ್ಟ್ರಕ್ಚರ್ ಜಾಸ್ತಿ ಮಾಡಿದೆ. ಬೆಟ್ಟದ ಅಂಚಿಗೆ ಸುತ್ತಲೂ ಬಿಳಿ ಗೆರೆ ಬಂತು, ದೇವರ ಪಟದಲ್ಲಿ ತಲೆ ಹಿಂದೆ ಪ್ರಭೆ ಇರುತ್ತಲ್ಲ, ಹಾಗೆ. ಆಮೇಲೆ ಸ್ಯಾಚುರೇಷನ್. ಫೋನಿನಲ್ಲಿ ನೋಡಿದಾಗ ಏನೋ ಪರವಾಗಿಲ್ಲ ಅನ್ನಿಸಿತು. ಒಂದು ಲ್ಯಾಬಿಗೆ ಕೊಟ್ಟು 12x18 ಪ್ರಿಂಟ್ ಮಾಡಿಸಿದೆ. ಕೈಗೆ ಬಂದಿದ್ದು ಕತ್ತಲೆ. ಕೆಂಪು ಹೋಗಿ ನೇರಳೆ ಥರ ಏನೋ ಬಂದಿದೆ. "ನೀವು ಕೊಟ್ಟಿದ್ದೇ ಹಾಗಿತ್ತು" ಅಂದರು. ದುಡ್ಡು ಹೋಯಿತು.

ಅದಕ್ಕಿಂತ ದೊಡ್ಡದು ಅಮ್ಮ ಹೇಳಿದ್ದು. ಪ್ರಿಂಟ್ ಹಿಡಿದು ಕಿಟಕಿ ಹತ್ತಿರ ಹೋಗಿ ನೋಡಿದರು. "ಇದು ನಮ್ಮ ಬೆಟ್ಟ ಅಲ್ಲ ಕಣೋ. ಇಲ್ಲಿ ಬಸವಣ್ಣ ಮಲಗಿದಾನೆ. ನಮ್ಮನೆ ಜಗಲಿ ಮೇಲೆ ಕೂತ್ರೆ ಗಣಪ ಕಾಣ್ತಿದ್ದ. ಸಾಯಂಕಾಲ ಕೆಂಪಗಾಗ್ತಿದ್ದಿದ್ದು ಬೆಟ್ಟ, ಆಕಾಶ ಅಲ್ಲ."

ಈಗ ನನ್ನ ಪ್ರಶ್ನೆ. ಈ ಕಪ್ಪು ಬೆಟ್ಟವನ್ನು ಎಡಿಟಿಂಗ್‌ನಲ್ಲಿ ಕೆಂಪು ಮಾಡಲು ದಾರಿ ಇದೆಯಾ? ಇಲ್ಲ ಮತ್ತೆ ತೆಗೆಯಬೇಕಾ? ತೆಗೆದರೆ ಸೆಟ್ಟಿಂಗ್ ಏನಿಡಲಿ? ಲೈಟ್‌ರೂಂಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಯೋಚನೆ ಇಲ್ಲ. ಮನೆಯಲ್ಲಿ ತಮ್ಮನ ಹಳೇ ಲ್ಯಾಪ್‌ಟಾಪ್ ಇದೆ.


ಕ್ಲಿಕ್ ರಾಜ
ಭಾನುವಾರ, ರಾತ್ರಿ 10:15

ಬ್ರೋ ಇಷ್ಟೊಂದು ತಲೆ ಯಾಕೆ ಕೆಡಿಸ್ಕೊಂಡಿದೀರ? ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಬೆಟ್ಟದ ಕ್ಲಿಯರ್ ಫೋಟೊ ಒಂದು ತಗೊಳ್ಳಿ. ಆಮೇಲೆ ಆ್ಯಪ್‌ನಲ್ಲಿ ಸ್ಕೈ ರೀಪ್ಲೇಸ್ ಒತ್ತಿ, ಸೂಪರ್ ಸನ್‌ಸೆಟ್ ಬರುತ್ತೆ. ಎರಡು ನಿಮಿಷದ ಕೆಲಸ. ನಾನು ಪ್ರೀ-ವೆಡ್ಡಿಂಗ್ ಶೂಟ್‌ಗೆಲ್ಲಾ ಹಾಗೇ ಮಾಡೋದು, ಇವತ್ತಿನವರೆಗೆ ಒಬ್ಬ ಗಂಡೂ ಕೇಳಿಲ್ಲ, ಒಬ್ಬಳು ಹೆಣ್ಣೂ ಕೇಳಿಲ್ಲ. ಮುಂದೆ ಕರೆಂಟ್ ಕಂಬ, ವೈರ್ ಏನಾದ್ರೂ ಇದ್ರೆ ಅದನ್ನೂ ಎಗರಿಸಿಬಿಡಿ.


ಹಳೇ ಸ್ಟುಡಿಯೊ
ಸೋಮವಾರ, ಬೆಳಗ್ಗೆ 6:20

ನೆಲಮಂಗಲದವರೇ, ನಿಮ್ಮ ಅಮ್ಮ ಒಂದು ಮಾತಿನಲ್ಲಿ ಎಲ್ಲಾ ಹೇಳಿಬಿಟ್ಟಿದ್ದಾರೆ. ನಾನು ತುಮಕೂರಿನಲ್ಲಿ 27 ವರ್ಷ ಸ್ಟುಡಿಯೊ ಇಟ್ಟಿದ್ದವನು. ಲೈಟ್ ಎಲ್ಲಿಂದ ಬರ್ತಿದೆ ನೋಡು ಅಂತ ಹುಡುಗರಿಗೆ ಹೇಳಿ ಹೇಳಿ ಗಂಟಲು ಹೋಗಿತ್ತು. ನಿಮ್ಮನೆಯಲ್ಲೇ ಮೇಷ್ಟ್ರು ಇದ್ದಾರೆ.

ಶಿವಗಂಗೆ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು: ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ಉತ್ತರದಿಂದ ಹೆಡೆ ಎತ್ತಿದ ಹಾವು, ದಕ್ಷಿಣದಿಂದ ಲಿಂಗ. ಭಕ್ತರಿಗೆ ಅದು ಭಕ್ತಿ. ಕ್ಯಾಮೆರಾ ಹಿಡಿದವನಿಗೆ ಅದೇ ಗೈಡು. ನೀವು ಬಸವನ ಕಡೆ ನಿಂತು ಗಣಪನನ್ನು ಹುಡುಕಿದ್ದೀರಿ. ಸಾಯಂಕಾಲದ ಬಿಸಿಲು ಬೀಳುವುದು ಗಣಪನ ಮುಖಕ್ಕೆ. ಬಸವನ ಮೈ ಆ ಹೊತ್ತಿಗೆ ನೆರಳಿನಲ್ಲಿರುತ್ತೆ. ಇಲ್ಲದ ಬಿಸಿಲನ್ನು ಯಾವ ಸಾಫ್ಟ್‌ವೇರೂ ತಂದು ಕೊಡಲ್ಲ. ಆ ಫೋಟೊವನ್ನು ಹಾಗೇ ಬಿಡಿ. ಬೆಟ್ಟ ಪೂರ್ತಿ ಕಪ್ಪಾಗೇ ಇದ್ದರೆ ಅದೂ ಒಂದು ಚೆಂದವೇ, ಕೆರೆಯ ಕೆಂಪಿನ ಜೊತೆ. ಅದನ್ನು ಬೆಳ್ಳಗೆ ಮಾಡಲು ಹೋಗಿದ್ದೇ ತಪ್ಪು.

ಚುಕ್ಕೆ ಯಾಕೆ ಬಂತು ಅಂದರೆ, ಜೆಪೆಗ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ನಿಮ್ಮ ಬೆಟ್ಟ ಕೆಳಗಿನ ಹತ್ತೋ ಹದಿನೈದೋ ಮೆಟ್ಟಿಲಲ್ಲೇ ಕೂತಿತ್ತು. ಅದನ್ನು ಹಿಗ್ಗಿಸಿದರೆ ಬಂಡೆ ಎಲ್ಲಿಂದ ಬರಬೇಕು? ನಿಮ್ಮ ಕ್ಯಾಮೆರಾದಲ್ಲಿ ರಾ ಅಂತ ಇದೆ, ಸೆನ್ಸರ್ ಕಂಡಿದ್ದನ್ನು ಹಾಗೇ ಉಳಿಸುವ ಫೈಲು, 14 ಬಿಟ್‌ಗೆ ಇಡಿ, 16,384 ಮೆಟ್ಟಿಲು ಸಿಗುತ್ತೆ. ಇನ್ನು ಮುಂದೆ ಜೆಪೆಗ್ ಒಂದನ್ನೇ ತೆಗೆಯಬೇಡಿ.

ಈಗ ಹೋಗಬೇಕಾಗಿದ್ದು ನಿಮ್ಮ ಅಜ್ಜಿ ಮನೆ ಜಗಲಿಗೆ. ಬೀಗ ಇದ್ದರೂ ಜಗಲಿ ಹೊರಗೇ ಇರುತ್ತಲ್ಲ. ಬೆಟ್ಟದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದ್ದರೆ 55ಕ್ಕೆ ಜೂಮ್ ಮಾಡಿದಾಗ ಬೆಟ್ಟ ಹದವಾಗಿ ಕೂರುತ್ತೆ, ಬೇರೆ ಲೆನ್ಸ್ ಬೇಡ. 18ಕ್ಕೆ ಇಟ್ಟು ಬೆಟ್ಟವನ್ನು ಕಡಲೆಕಾಯಿ ಮಾಡಬೇಡಿ.

ಈ ಚಳಿಗಾಲ ಒಳ್ಳೆಯದೇ. ನಮ್ಮ ಕಡೆ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ನೆಟ್ಟಗೆ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಹಾಗಾಗಿ ನೀವು ಪಶ್ಚಿಮದಲ್ಲಿ ಬೆಟ್ಟದ ಕಡೆ ಮುಖ ಮಾಡಿ ನಿಂತರೆ ಬಿಸಿಲು ನಿಮ್ಮ ಬಲ ಹೆಗಲ ಮೇಲಿಂದ ಸ್ವಲ್ಪ ವಾರೆಯಾಗಿ ಹೋಗುತ್ತೆ. ಪೂರ್ತಿ ಬೆನ್ನ ಹಿಂದಿನಿಂದ ಬಂದರೆ ಬಂಡೆ ಚಪ್ಪಟೆ ಕಾಣುತ್ತೆ. ವಾರೆ ಬೆಳಕಿಗೆ ಪ್ರತಿ ಉಬ್ಬಿಗೂ ಪಕ್ಕದಲ್ಲಿ ನೆರಳು ಬೀಳುತ್ತೆ. ಮಳೆ ನೀರು ಇಳಿದು ಇಳಿದು ಬಂಡೆ ಮೇಲೆ ಕಪ್ಪು ಪಟ್ಟೆ ಆಗಿದೆ ನೋಡಿ, ಅದೂ ಎದ್ದು ಬರುತ್ತೆ. ದಿನ ಆರಿಸುವುದಾದರೆ ಮಳೆ ಬಂದು ಹೋದ ಮಾರನೇ ಸಂಜೆ. ಧೂಳು ಕೂತಿರುತ್ತೆ. ರಾಗಿ ಒಕ್ಕಣೆ, ಕಸಕ್ಕೆ ಬೆಂಕಿ ಎಲ್ಲಾ ಶುರುವಾದ ಮೇಲೆ ಮೂರು ಕಿಲೋಮೀಟರ್ ದೂರದ ಬೆಟ್ಟ ತೆಳು ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತೆ.

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಹೋಗಿ ಕೂತಿರಿ. ಕಡೆಯ ಹತ್ತು ನಿಮಿಷ ಬಣ್ಣ ನಿಮಿಷಕ್ಕೊಂದು ಸಲ ಬದಲಾಗುತ್ತೆ. ಮೊದಲು ಹುಲ್ಲಿನ ಬಣ್ಣ, ಆಮೇಲೆ ಜೇನು, ಆಮೇಲೆ ಇಟ್ಟಿಗೆ. ನೆರಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತೆ. ನೀವು ನಿಂತ ಹೊಲದಲ್ಲಿ ಬಿಸಿಲು ಹೋದ ಮೇಲೂ ತುದಿಯ ಬಂಡೆಗೆ ಇನ್ನೂ ಎರಡು ಮೂರು ನಿಮಿಷ ಇರುತ್ತೆ, ಅದು ಎತ್ತರದಲ್ಲಿದೆಯಲ್ಲ. ಆ ಎರಡು ನಿಮಿಷವೇ ನಿಮ್ಮ ಅಮ್ಮ ಹೇಳಿದ ಕೆಂಪು. ಆಗ ಫೋನ್ ಬಂದರೂ ಎತ್ತಬೇಡಿ.

ಸೀನ್ ಮೋಡ್ ಮರೆತುಬಿಡಿ. ಎ ಮೋಡ್ (ಲೆನ್ಸಿನ ಕಿಂಡಿ ನೀವು ಆರಿಸುತ್ತೀರಿ, ಷಟರ್ ವೇಗ ಕ್ಯಾಮೆರಾ ಆರಿಸುತ್ತೆ), ಕಿಂಡಿ ಎಫ್ 8, ಐಎಸ್‌ಒ 100. ಷಟರ್ 1/60 ಆಸುಪಾಸು ಬರಬಹುದು. ಟ್ರೈಪಾಡ್‌ಗೆ ನಿಮ್ಮ ಬ್ಯಾಗನ್ನೇ ನೇತು ಹಾಕಿ, ಲೆನ್ಸಿನ ವಿಆರ್, ಅಂದರೆ ಕೈ ಅಲುಗಾಟ ಸರಿ ಮಾಡುವುದು, ಆಫ್ ಮಾಡಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡ. ಕೆಂಪು ಜಾಸ್ತಿ ಆಯ್ತು ಅಂತ ಅದು ತಾನೇ ನೀಲಿ ಬೆರೆಸಿ ಸರಿ ಮಾಡಲು ಹೋಗುತ್ತೆ. ಬಿಸಿಲಿನ ಗುರುತಿನದು ಇಡಿ, ನಿಕಾನ್‌ನಲ್ಲಿ ಅದು 5200 ಕೆಲ್ವಿನ್.

ಇನ್ನೊಂದು, ಇದನ್ನು ಯಾರೂ ಹೇಳಿಕೊಡಲ್ಲ. ಫೋಟೊ ತೆಗೆದ ಮೇಲೆ ಹಿಸ್ಟೊಗ್ರಾಂ, ಅಂದರೆ ಎಡಗಡೆ ಕಪ್ಪಿನಿಂದ ಬಲಗಡೆ ಬಿಳುಪಿನವರೆಗೆ ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್, ನೋಡ್ತೀರಲ್ಲ, ಬಿಳಿಯದು ಒಂದನ್ನೇ ನೋಡಿದರೆ ಮೋಸ ಹೋಗ್ತೀರಿ. ಪ್ಲೇಬ್ಯಾಕ್ ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು ಆನ್ ಮಾಡಿ. ಸಂಜೆ ಹೊತ್ತು ಬಿಳಿಯದರಲ್ಲಿ ಇನ್ನೂ ಜಾಗ ಇದೆ ಅನ್ನಿಸುತ್ತೆ, ಅಷ್ಟರಲ್ಲಿ ಕೆಂಪು ಹೋಗಿ ಬಲಗಡೆ ಗೋಡೆಗೆ ಬಡಿದಿರುತ್ತೆ. ಕೆಂಪು ಹಾಗೆ ತುಂಬಿದರೆ ಇಟ್ಟಿಗೆ ಬಣ್ಣ ಇರಬೇಕಾದ ಕಡೆ ಹಳದಿ ತೇಪೆ ಕೂರುತ್ತೆ, ಬಂಡೆಯ ಗೆರೆ ಎಲ್ಲಾ ಅಳಿಸಿ ಹೋಗುತ್ತೆ. ಎಕ್ಸ್‌ಪೋಷರ್ ಮೈನಸ್ 0.7 ಇಟ್ಟು, ಅಂದರೆ ಸ್ವಲ್ಪ ಕತ್ತಲೆಯಾಗಿ, ಶುರು ಮಾಡಿ.

ಬಿಸಿಲು ಹೋಯ್ತು ಅಂತ ತಕ್ಷಣ ಗಂಟು ಕಟ್ಟಬೇಡಿ. ನೀವು ಆಗ ಪೂರ್ವಕ್ಕೆ ನೋಡುತ್ತಿರುತ್ತೀರಿ. ಹತ್ತು ನಿಮಿಷದೊಳಗೆ ಬೆಟ್ಟದ ಹಿಂದೆ ಆಕಾಶದಲ್ಲಿ ಕೆಳಗೆ ಬೂದು ನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಏಳುತ್ತೆ. ಆ ಬೂದು ಪಟ್ಟಿ ಭೂಮಿಯದೇ ನೆರಳು. ಸೂರ್ಯನ ಕಡೆ ನೋಡುತ್ತಾ ನಿಂತವರಿಗೆ ಇದು ಕಾಣಲ್ಲ, ಬೆನ್ನು ತಿರುಗಿಸಿದವರಿಗೆ ಮಾತ್ರ.

ಕ್ಲಿಕ್ ರಾಜ ಅವರಿಗೆ ಒಂದು ಮಾತು. ಮಧ್ಯಾಹ್ನದ ಬೆಟ್ಟಕ್ಕೆ ಸಂಜೆ ಆಕಾಶ ಅಂಟಿಸಿದರೆ, ಬೆಟ್ಟದ ಹಿಂದೆ ಸೂರ್ಯ, ಬೆಟ್ಟದ ಮುಂದೆಯೂ ಬಿಸಿಲು. ಎರಡು ಸೂರ್ಯ ಯಾವ ಊರಲ್ಲಿದ್ದಾನೆ ಸ್ವಾಮಿ? ಮದುವೆ ಗಂಡು ಆಕಾಶ ನೋಡಲ್ಲ, ಹೆಣ್ಣನ್ನು ನೋಡುತ್ತಾನೆ, ಅದಕ್ಕೆ ಕೇಳಿಲ್ಲ. ಈ ತಾಯಿ ನಲವತ್ತು ವರ್ಷ ಅದೇ ಬೆಟ್ಟ ನೋಡಿದವರು.


ಕ್ಲಿಕ್ ರಾಜ
ಸೋಮವಾರ, ಬೆಳಗ್ಗೆ 9:05

ಎರಡು ಸೂರ್ಯ 😄 ಒಪ್ಪಿದೆ ಸರ್. ಆದ್ರೆ ಕರೆಂಟ್ ಕಂಬ ತೆಗೆಯೋದು ತಪ್ಪಲ್ಲ, ಅದು ಮಾತ್ರ ಬಿಡಲ್ಲ.


ನೆಲಮಂಗಲದವ
ಸೋಮವಾರ, ರಾತ್ರಿ 8:30

ಸರ್, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. "ಮೇಷ್ಟ್ರು" ಅಂದಿದ್ದಕ್ಕೆ ನಗ್ತಿದ್ದಾರೆ. ಭಾನುವಾರ ಅಜ್ಜಿ ಊರಿಗೆ ಹೋಗುತ್ತೇನೆ. ರಾ ಫೈಲ್ ತೆಗೆದ ಮೇಲೆ ಎಡಿಟಿಂಗ್ ಯಾವುದರಲ್ಲಿ ಮಾಡಲಿ? ಆ ಪ್ರಿಂಟ್ ಕತ್ತಲೆಯಾಗಿ ನೇರಳೆ ಬಂದಿದ್ದು ಲ್ಯಾಬಿನವರ ತಪ್ಪಾ, ನನ್ನದಾ? ಮತ್ತೆ ದುಡ್ಡು ಕಳೆದುಕೊಳ್ಳಲು ಮನಸ್ಸಿಲ್ಲ.


ಮಸಿ ಕೈ
ಮಂಗಳವಾರ, ಮಧ್ಯಾಹ್ನ 1:50

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬಣ್ಣ ನೋಡುವ ಕೆಲಸ ಮಾಡುತ್ತೇನೆ. "ಸ್ಕ್ರೀನಲ್ಲಿ ಚೆನ್ನಾಗಿತ್ತು ಮೇಡಂ" ಅನ್ನೋ ಮಾತು ಕೇಳದ ದಿನ ಇಲ್ಲ.

ತಪ್ಪು ಇಬ್ಬರದೂ ಇರಬಹುದು. ಮೊದಲು ನಿಮ್ಮದು. ರಾತ್ರಿ ಕತ್ತಲೆ ರೂಮಿನಲ್ಲಿ ಫೋನಿನ ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಂಡು ಎಡಿಟ್ ಮಾಡಿರುತ್ತೀರಿ. ಫೋನು ತಾನೇ ದೀಪ, ಕಾಗದ ದೀಪ ಅಲ್ಲ. ಗೋಡೆ ಮೇಲೆ ಬೀಳುವ ಬೆಳಕು ಎಷ್ಟೋ ಅಷ್ಟೇ ಅದು ತೋರಿಸುವುದು. ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ, ಹಗಲು ಹೊತ್ತಿನಲ್ಲಿ, ಕಿಟಕಿ ಹತ್ತಿರ. ಸ್ಕ್ರೀನಿನ ಬಿಳುಪು ಹಾಳೆಯ ಬಿಳುಪಿನಷ್ಟೇ ಇರುವ ಹಾಗೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಎಡಿಟ್ ಮಾಡಿ. ರಾತ್ರಿ ಹೊತ್ತು ಸ್ಕ್ರೀನ್ ಹಳದಿ ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಲು ಮರೆಯಬೇಡಿ. ಅದು ಆನ್ ಇದ್ದರೆ ಹಳದಿ ಜಾಸ್ತಿ ಆಯ್ತು ಅಂತ ನೀವು ನೀಲಿ ಕಡೆ ಎಳೆದಿರುತ್ತೀರಿ, ಪ್ರಿಂಟ್ ನೇರಳೆ ಬರುತ್ತೆ. ನಿಮ್ಮದೂ ಇದೇ ಕಥೆ ಇರಬೇಕು ಅಂತ ನನ್ನ ಗುಮಾನಿ.

ಲ್ಯಾಬಿನ ಕಡೆ ಏನಾಗುತ್ತೆ ಅಂದರೆ, ಎಷ್ಟೋ ಕಡೆ ಆಟೊ ಕರೆಕ್ಷನ್ ಆನ್ ಇರುತ್ತೆ. ಅವರಿಗೆ ದಿನಾ ಬರುವುದು ಮದುವೆ, ನಾಮಕರಣ. ಮುಖದ ಬಣ್ಣ ಸರಿ ಬರಬೇಕು. ಆ ಸಾಫ್ಟ್‌ವೇರ್‌ಗೆ ನಿಮ್ಮ ಕೆಂಪು ಬೆಟ್ಟ ಒಂದು ರೋಗ. ಅದು ಔಷಧಿ ಕೊಟ್ಟುಬಿಡುತ್ತೆ. ಕೊಡುವಾಗಲೇ ಬಾಯಿಬಿಟ್ಟು ಹೇಳಿ, "ಕರೆಕ್ಷನ್ ಹಾಕಬೇಡಿ, ಇದ್ದ ಹಾಗೆ ಹೊಡೀರಿ" ಅಂತ. ಫೈಲು ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಲೆಕ್ಕದಲ್ಲಿ ಕೊಡಿ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಅಂತ ಇನ್ನೊಂದು ಇದೆ, ಅದರ ಕಡೆ ಹೋಗಬೇಡಿ, ಗೊತ್ತಿಲ್ಲದ ಕಡೆ ಕೊಟ್ಟರೆ ಬಣ್ಣ ಸಪ್ಪೆ ಬರುತ್ತೆ. ಮೊದಲೇ 12x18 ಬೇಡ. ಒಂದು 4x6 ಮಾಡಿಸಿ ಮನೆಗೆ ತಂದು, ಹಾಕಬೇಕೆಂದಿರುವ ಗೋಡೆಗೇ ಹಿಡಿದು ನೋಡಿ. ಕತ್ತಲೆ ಅನ್ನಿಸಿದರೆ ಸ್ವಲ್ಪ ಬೆಳಕು ಏರಿಸಿ ಇನ್ನೊಂದು. ಇಪ್ಪತ್ತು ಮೂವತ್ತು ರೂಪಾಯಿಯಲ್ಲಿ ಮುಗಿಯುತ್ತೆ.

ಅಳತೆ ಬಗ್ಗೆ ಚಿಂತೆ ಬೇಡ. ನಿಮ್ಮ ಕ್ಯಾಮೆರಾ ಕೊಡುವುದು 6000 x 4000 ಪಿಕ್ಸೆಲ್. 12x18ಕ್ಕೆ 300 ಡಿಪಿಐನಲ್ಲಿ ಬೇಕಾಗಿರುವುದು 5400 x 3600. ಆಕಾರವೂ ಒಂದೇ, ಯಾವ ಕಡೆಯೂ ಕತ್ತರಿಸಬೇಕಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಥರ ಕಳಿಸಬೇಡಿ, ಅದು ಸಣ್ಣದು ಮಾಡಿಬಿಡುತ್ತೆ. ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ.

ಸಾಫ್ಟ್‌ವೇರ್‌ಗೆ ಡಾರ್ಕ್‌ಟೇಬಲ್ ಹಾಕಿಕೊಳ್ಳಿ, ದುಡ್ಡಿಲ್ಲ. ಮೊದಲ ದಿನ ಹೆದರಿಕೆ ಆಗುತ್ತೆ, ಬಟನ್ ಅಷ್ಟೊಂದು. ನಾಲ್ಕೈದು ಮಾಡ್ಯೂಲ್ ಸಾಕು, ಉಳಿದಿದ್ದು ಇರಲಿ ಬಿಡಿ.


ಹಳೇ ಸ್ಟುಡಿಯೊ
ಮಂಗಳವಾರ, ರಾತ್ರಿ 9:10

ಮಸಿ ಕೈ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ಡಾರ್ಕ್‌ಟೇಬಲ್ ನನಗೂ ಮಗಳು ಹಾಕಿಕೊಟ್ಟಳು. ಅದರಲ್ಲಿ ಟೋನ್ ಈಕ್ವಲೈಸರ್ ಅಂತ ಇದೆ. ಆಕಾಶದ ಬೆಳಕು ಒಂದು ಚೂರು ಇಳಿಸಿ, ಕೆಳಗಿನ ಹೊಲ ಒಂದು ಚೂರು ಏರಿಸಿ. ಚೂರು ಅಂದರೆ ಚೂರು. ಹೊಲ ನೆರಳಲ್ಲಿದೆ, ಬೆಟ್ಟ ಬಿಸಿಲಲ್ಲಿದೆ ಅನ್ನುವುದು ನೋಡಿದವರಿಗೆ ಗೊತ್ತಾಗಬೇಕು. ಹೊಲವನ್ನೂ ಬೆಳ್ಳಗೆ ಮಾಡಿದರೆ ಬೆಟ್ಟದ ಬೆಲೆ ಹೋಯ್ತು.

ಡಾರ್ಕ್‌ರೂಮಿನಲ್ಲಿ ನಾವು ಇದನ್ನೇ ಕೈಯಲ್ಲಿ ಮಾಡುತ್ತಿದ್ದೆವು. ಒಂದು ತಂತಿ ತುದಿಗೆ ರೂಪಾಯಿ ಅಗಲದ ರಟ್ಟು. ಎನ್‌ಲಾರ್ಜರ್ ಬೆಳಕು ಬೀಳುವಾಗ ಅದನ್ನು ಮುಖದ ಮೇಲೆ ಅಲ್ಲಾಡಿಸುತ್ತಿದ್ದರೆ ಅಷ್ಟು ಜಾಗ ಬೆಳ್ಳಗೆ ಬರುತ್ತಿತ್ತು. ಅಲ್ಲಾಡಿಸುವುದು ನಿಲ್ಲಿಸಿದರೆ ರಟ್ಟಿನ ಅಂಚು ಅಚ್ಚಾಗಿಬಿಡುತ್ತಿತ್ತು. ನಿಮ್ಮ ಬೆಟ್ಟದ ಸುತ್ತ ಬಂದ ಪ್ರಭೆ ಅದೇ ಜಾತಿಯದು. ಮಾಸ್ಕ್ ಹಾಕುವಾಗ, ಅಂದರೆ ಎಡಿಟ್ ಯಾವ ಜಾಗಕ್ಕಷ್ಟೇ ಅಂತ ಗುರುತು ಮಾಡುವಾಗ, ಅಂಚನ್ನು ಮೆತ್ತಗೆ ಮಾಡಿ. ಕ್ಲಾರಿಟಿ, ಸ್ಟ್ರಕ್ಚರ್ ಇವನ್ನು ಬಂಡೆಯ ಒಳಗಷ್ಟೇ ಹಾಕಿ, ಆಕಾಶ ಸೇರುವ ಅಂಚಿನ ತನಕ ಒಯ್ಯಬೇಡಿ.

ಬಣ್ಣ ಏರಿಸುವುದು ಕಡೆಗೆ. ಏರಿಸಿ, ಚಹಾ ಕುಡಿದು ಬನ್ನಿ, ಮತ್ತೆ ನೋಡಿ. ಹತ್ತಕ್ಕೆ ಒಂಬತ್ತು ಸಲ ಅರ್ಧ ಇಳಿಸುತ್ತೀರಿ.

ಇನ್ನೊಂದು ಆಸೆ ಹುಟ್ಟಿಸುತ್ತೇನೆ. ಹುಣ್ಣಿಮೆ ಹಿಂದಿನ ದಿನ ಹೋಗಿ. ಹುಣ್ಣಿಮೆ ದಿನ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ, ಬೆಟ್ಟ ದಾಟಿ ಮೇಲೆ ಬರುವಷ್ಟರಲ್ಲಿ ಕತ್ತಲಾಗಿರುತ್ತೆ. ಹಿಂದಿನ ದಿನ ಮುಕ್ಕಾಲು ಗಂಟೆ ಮೊದಲೇ ಹುಟ್ಟುತ್ತಾನೆ. ಚಳಿಗಾಲದಲ್ಲಿ ಅವನು ಹುಟ್ಟುವುದು ಪೂರ್ವದಿಂದ ಈಶಾನ್ಯದ ಕಡೆಗೆ ಸರಿದು. ಕುದೂರಿನ ಕಡೆಯಿಂದ ನೋಡುವವರಿಗೆ ಬೆಟ್ಟವೂ ಅದೇ ದಿಕ್ಕಿಗೆ. ಲೆಕ್ಕ ಕೂಡಿದರೆ ಕೆಂಪು ಬಂಡೆ ಮೇಲೆ ಚಂದ್ರ ಕೂರುತ್ತಾನೆ. 55ರಲ್ಲಿ ಅವನು ಸಾಸಿವೆ ಕಾಳಿನಷ್ಟು ಬರುತ್ತಾನೆ, ಬೇಜಾರಾಗಬೇಡಿ.


ನೆಲಮಂಗಲದವ
ಮೂರು ವಾರದ ನಂತರ, ಗುರುವಾರ, ರಾತ್ರಿ 10:05

ತಡವಾಗಿದ್ದಕ್ಕೆ ಕ್ಷಮಿಸಿ. ಮೊದಲ ಭಾನುವಾರ ಹೋದಾಗ ಮೋಡ. ಎರಡನೇ ಸಲ ಯಾರೋ ಹುಲ್ಲಿಗೆ ಬೆಂಕಿ ಹಾಕಿದ್ದರು, ಹೊಗೆ. ಮೂರನೇ ಸಲ ಹಿಂದಿನ ರಾತ್ರಿ ಮಳೆ ಬಂದಿತ್ತು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋದೆ.

ಜಗಲಿ ಮೇಲೆ ಕೂತೆ. ಪಕ್ಕದ ಮನೆ ದೊಡ್ಡಮ್ಮ ಕಾಫಿ ತಂದುಕೊಟ್ಟು, ಮದುವೆ ಯಾವಾಗ ಅಂತ ಎರಡು ಸಲ ಕೇಳಿದರು. ಜಗಲಿಯಿಂದ ನೋಡಿದರೆ ಮುಂದಿನ ಹೊಸ ಮನೆಯ ಸಿಂಟೆಕ್ಸ್ ಟ್ಯಾಂಕ್ ಅಡ್ಡ ಬರುತ್ತೆ. ಅದಕ್ಕೆ ಇಪ್ಪತ್ತು ಹೆಜ್ಜೆ ಮುಂದೆ, ಹೊಲದ ಬದುವಿಗೆ ಹೋಗಿ ನಿಂತೆ. ಸರ್ ಹೇಳಿದ ಹಾಗೇ ಆಯಿತು. ಹುಲ್ಲು, ಜೇನು, ಇಟ್ಟಿಗೆ. ನನ್ನ ಕಾಲ ಬುಡದಲ್ಲಿ ನೆರಳು ಬಂದ ಮೇಲೆ ಮೊಬೈಲ್‌ನಲ್ಲಿ ಟೈಮ್ ನೋಡಿದೆ, ಮೇಲಿನ ಬಂಡೆ ಆರಿದ್ದು ಎರಡೂವರೆ ನಿಮಿಷಕ್ಕೆ. ಆಗ ಬಾಸ್ ಫೋನ್ ಬಂತು, ಎತ್ತಲಿಲ್ಲ. ಹಿಸ್ಟೊಗ್ರಾಂನಲ್ಲಿ ಕೆಂಪು ಗೆರೆ ನಿಜವಾಗಲೂ ಗೋಡೆಗೆ ಬಡಿಯುತ್ತಿತ್ತು. ಮೈನಸ್ 0.7 ಸಾಲದೆ ಮೈನಸ್ 1ಕ್ಕೆ ಇಳಿಸಿದೆ. ಗುಲಾಬಿ ಪಟ್ಟಿಯೂ ಬಂತು. ಇಷ್ಟು ವರ್ಷ ಅದು ಹೇಗೆ ಕಣ್ಣಿಗೆ ಬೀಳಲಿಲ್ಲವೋ. ಚಂದ್ರನ ಲೆಕ್ಕ ಈ ಸಲ ಕೂಡಲಿಲ್ಲ, ಅವತ್ತು ಅಷ್ಟಮಿ.

ಎಡಿಟಿಂಗ್‌ಗೆ ಎರಡು ರಾತ್ರಿ ಹಿಡಿಯಿತು. ತಪ್ಪು, ಎರಡು ಹಗಲು, ಬಿಳಿ ಹಾಳೆ ಇಟ್ಟುಕೊಂಡು. ಬಣ್ಣ ಏರಿಸಿ ಚಹಾ ಕುಡಿದು ಬಂದು ಅರ್ಧ ಇಳಿಸಿದೆ. ಎಡಗಡೆ ಒಂದು ಕರೆಂಟ್ ಕಂಬ, ಅದರಿಂದ ಮೂರು ವೈರ್ ಬೆಟ್ಟದ ಮೇಲೆ ಹಾದು ಹೋಗಿತ್ತು. ಕ್ಲಿಕ್ ರಾಜ ಅವರ ಮಾತು ನೆನಪಾಯಿತು. ರಿಟಚ್ ಮಾಡ್ಯೂಲ್‌ನಲ್ಲಿ ಕೂತು ಅಳಿಸಿದೆ, ಒಂದೂವರೆ ಗಂಟೆ ಕೆಲಸ. ಗುರುತೇ ಸಿಗದ ಹಾಗೆ ಹೋಯಿತು. ಹೆಮ್ಮೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಬೇರೆ ಲ್ಯಾಬಿಗೆ ಹೋದೆ. ಕರೆಕ್ಷನ್ ಬೇಡ ಅಂದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿ, ಒಳಗೆ ಹೋಗಿ ಯಾರಿಗೋ ಹೇಳಿ ಬಂದ. 4x6 ಮೂರು ಮಾಡಿಸಿದೆ. ಮೂರನೆಯದು ಗೋಡೆಗೆ ಸರಿ ಹೋಯಿತು.

ನಿನ್ನೆ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಬೆರಳಿನಲ್ಲಿ ಗಣಪನ ಸೊಂಡಿಲು ಸವರಿದರು. "ಹ್ಞೂಂ, ಇದೇ" ಅಂದರು. ಆಮೇಲೆ ಎಡಗಡೆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಕಂಬ ಇತ್ತಲ್ಲೋ? ತೆಗೆದುಬಿಟ್ರಾ?"

ನಾನೇ ತೆಗೆದೆ ಅಂದೆ.

"ಯಾಕೋ? ನಾನು ಏಳನೇ ಕ್ಲಾಸಲ್ಲಿದ್ದಾಗ ಊರಿಗೆ ಕರೆಂಟ್ ಬಂತು. ಮೊದಲು ಆ ಕಂಬದ ಲೈಟೇ ಹತ್ತಿದ್ದು. ಅದರ ಕೆಳಗೆ ಕೂತು ಓದಿದೀನಿ. ನಮ್ಮನೆ ದಾರಿ ತಿರುಗೋದೂ ಅಲ್ಲೇ. ಕಂಬ ಇಲ್ದೆ ಮನೆ ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ?"

ಕ್ಲಿಕ್ ರಾಜ ಅವರೇ, ಕ್ಷಮಿಸಿ. ಇವತ್ತು ರಿಟಚ್ ಮಾಡ್ಯೂಲ್ ಆಫ್ ಮಾಡಿದೆ, ಕಂಬ ವಾಪಸ್ ಬಂತು, ವೈರ್ ಸಮೇತ. ನಾಳೆ 12x18 ಕೊಡುತ್ತೇನೆ. ಮಸಿ ಕೈ ಮೇಡಂ, ಹಾಲ್‌ನಲ್ಲಿ ಟ್ಯೂಬ್‌ಲೈಟ್ ಎದುರು ಗೋಡೆಗೇ ಇದೆ. ಗ್ಲಾಸಿ ಹಾಕಿಸಿದರೆ ಹೊಳೆಯುತ್ತೆ ಅಲ್ವಾ, ಮ್ಯಾಟ್ ಹೇಳಲಾ?


ಮಸಿ ಕೈ
ಶುಕ್ರವಾರ, ಬೆಳಗ್ಗೆ 8:15

ಮ್ಯಾಟ್ ಹೇಳಿ. ಫ್ರೇಮಿಗೆ ಗಾಜು ಹಾಕಿಸಬೇಡಿ.